ಕೊಯ್ದ ಮೂಗು ಮತ್ತೆ ಬಂದ ಬಗೆ

'ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬಂದೀತೇ?' ಎಂಬುದು ನಮ್ಮ ಹಿರಿಯರ ಮಾತು. ಒಮ್ಮೆ ಹೋದ ಮಾನ ಮರಳಿ ಬರುವುದಿಲ್ಲ ಎಂಬ ಎಚ್ಚರಿಕೆ ಅದರಲ್ಲಿದೆ. ಮಾನದ ಮಟ್ಟಿಗೆ ಆ ಮಾತು ನಿಜವೇ ಇರಬಹುದು. ಆದರೆ ಮೂಗಿನ ಮಟ್ಟಿಗೆ ಅದು ಪೂರ್ತಿ ನಿಜವಲ್ಲ. ಕೊಯ್ದ ಮೂಗನ್ನು ಮರಳಿ ತರುವ ವಿದ್ಯೆ ಈ ನೆಲದಲ್ಲಿ ಬಹಳ ಹಿಂದಿನಿಂದಲೂ ಇತ್ತು. ಮಾತ್ರವಲ್ಲ, ಇಂದು ಜಗತ್ತಿನ ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುವ ಮೂಗಿನ ಶಸ್ತ್ರಚಿಕಿತ್ಸೆಗೂ ಅದರ ಋಣವಿದೆ.

ಇಂದು ಮೂಗು ತಿದ್ದಿಸಿಕೊಳ್ಳುವುದು ದೊಡ್ಡ ಸುದ್ದಿಯೇನಲ್ಲ. ಅಪಘಾತದಲ್ಲಿ ಮೂಗು ಜಜ್ಜಿಹೋದವರು, ಹುಟ್ಟಿನಿಂದಲೇ ಸೀಳುತುಟಿಯ ಜೊತೆ ಸೊಟ್ಟ ಮೂಗು ಪಡೆದವರು, ಉಸಿರಾಟಕ್ಕೆ ತೊಂದರೆ ಇರುವವರು ವೈದ್ಯರ ಬಳಿಗೆ ಹೋಗುತ್ತಾರೆ. ಕನ್ನಡಿಯ ಮುಂದೆ ನಿಂತು ತಮ್ಮ ಮೂಗಿನ ಬಗ್ಗೆ ಬೇಸರಪಟ್ಟುಕೊಳ್ಳುವ ಯುವಕ ಯುವತಿಯರೂ ಹೋಗುತ್ತಾರೆ. ಇವರೆಲ್ಲರ ಮುಂದೆಯೂ ಒಂದು ಪ್ರಶ್ನೆ ಬಂದೇ ಬರುತ್ತದೆ: ಹೊಸ ಮೂಗನ್ನು ಯಾವುದರಿಂದ ಕಟ್ಟುವುದು? ಅವರದೇ ಕಿವಿಯ, ಪಕ್ಕೆಲುಬಿನ ಮೃದ್ವಸ್ಥಿಯಿಂದಲೋ, ಕಾರ್ಖಾನೆಯಲ್ಲಿ ತಯಾರಾದ ಸಿಲಿಕೋನ್ ತುಂಡಿನಿಂದಲೋ? ಈ ಪ್ರಶ್ನೆ ಹೊಸದೆಂದು ನಾವು ಭಾವಿಸುತ್ತೇವೆ. ಆದರೆ ಅದಕ್ಕೆ ಹದಿನಾಲ್ಕು ಶತಮಾನಗಳಿಗೂ ಹೆಚ್ಚಿನ ಇತಿಹಾಸವಿದೆ.

ಬೆಳ್ಳಿಯಿಂದ ಬಂಗಾರಕ್ಕೆ

ಇಸ್ಲಾಮ್ ಬರುವುದಕ್ಕೆ ಮೊದಲು ಅರಬರ ನಡುವೆ ಕುಲಾಬ್ ಎಂಬಲ್ಲಿ ಒಂದು ಕಾಳಗ ನಡೆಯಿತು. ಅದರಲ್ಲಿ ಅರ್‌ಫಜಾ ಬಿನ್ ಅಸ್‌ಅದ್ ಎಂಬವರು ಮೂಗು ಕಳೆದುಕೊಂಡರು. ಅವರು ಬೆಳ್ಳಿಯ ಮೂಗನ್ನು ಮಾಡಿಸಿ ತೊಟ್ಟುಕೊಂಡರು. ಆದರೆ ಅದು ದುರ್ವಾಸನೆ ಬೀರತೊಡಗಿತು. ಆಗ ಪ್ರವಾದಿ ಮುಹಮ್ಮದ್(ಸ) ಅವರಿಗೆ ಬಂಗಾರದ ಮೂಗು ಮಾಡಿಸಿಕೊಳ್ಳುವಂತೆ ಹೇಳಿದರು. ಅಬೂದಾವೂದ್, ತಿರ್ಮಿದಿ, ನಸಾಈ ಹದೀಸ್ ಸಂಗ್ರಹಗಳಲ್ಲಿ ಈ ಘಟನೆ ದಾಖಲಾಗಿದೆ.

ಪುರುಷರಿಗೆ ಬಂಗಾರ ತೊಡುವುದು ನಿಷಿದ್ಧವಾಗಿರುವ ಧರ್ಮದಲ್ಲಿ ಒಬ್ಬ ಪುರುಷನಿಗೆ ಬಂಗಾರದ ಮೂಗಿಗೆ ಅನುಮತಿ ಸಿಕ್ಕಿತು. ಅಲಂಕಾರ ಬೇರೆ, ಅಗತ್ಯ ಬೇರೆ ಎಂಬುದಕ್ಕೆ ಫಿಕ್ಹ್ ವಿದ್ವಾಂಸರು ಇದನ್ನು ಆಧಾರವಾಗಿ ತೆಗೆದುಕೊಂಡರು. ಬಂಗಾರದ ಹಲ್ಲಿನ ಚರ್ಚೆಯಲ್ಲೂ ಇದೇ ಹದೀಸ್ ಬರುತ್ತದೆ. ಆದರೆ ಈ ಘಟನೆಗೆ ಇನ್ನೊಂದು ಮುಖವೂ ಇದೆ. ಇಲ್ಲಿ ವಸ್ತುವಿನ ಆಯ್ಕೆ ಬೆಲೆಯನ್ನು ನೋಡಿ ಆದದ್ದಲ್ಲ, ದೇಹದೊಂದಿಗೆ ಅದು ಹೇಗೆ ಬಾಳುತ್ತದೆ ಎಂಬುದನ್ನು ನೋಡಿ ಆದದ್ದು. ತೇವ, ಉಸಿರು, ಬೆವರು ಇರುವಲ್ಲಿ ಬೆಳ್ಳಿ ಕಪ್ಪಾಗುತ್ತದೆ. ಬಂಗಾರ ಹಾಗೆ ಕೆಡುವುದಿಲ್ಲ.

ಕ್ರಿ.ಶ. 1013ರ ಸುಮಾರಿಗೆ ತೀರಿಕೊಂಡ, ಸ್ಪೇನಿನ ಕೊರ್ದೋವಾ ಬಳಿಯ ಅಬುಲ್ ಖಾಸಿಮ್ ಅಲ್ ಝಹ್ರಾವಿ ಇದೇ ಮಾತನ್ನು ವೈದ್ಯನಾಗಿ ಹೇಳಿದರು. ಅವರ 'ಅತ್ತಸ್ರೀಫ್' ಗ್ರಂಥದ ಮೂವತ್ತನೆಯ ಭಾಗ ಪೂರ್ತಿ ಶಸ್ತ್ರಚಿಕಿತ್ಸೆಗೆ ಮೀಸಲು. ಅಲ್ಲಾಡುವ ಹಲ್ಲುಗಳನ್ನು ತಂತಿಯಿಂದ ಕಟ್ಟುವ ಕ್ರಮವನ್ನು ವಿವರಿಸುವಾಗ, ಬೆಳ್ಳಿಯ ತಂತಿ ಕೆಲವೇ ದಿನಗಳಲ್ಲಿ ಕೆಡುತ್ತದೆ, ಬಂಗಾರದ್ದು ಹಾಗೆಯೇ ಉಳಿಯುತ್ತದೆ ಎಂದು ಅವರು ತಿಳಿಸುತ್ತಾರೆ. ಮುರಿದ ಮೂಗನ್ನು ಸರಿಪಡಿಸಿದ ಬಳಿಕ ಒಳಗೆ ಬಟ್ಟೆ ಸುತ್ತಿದ ಹೆಬ್ಬಾತಿನ ಗರಿಯ ಕೊಳವೆ ಇಡುವ ವಿಧಾನವೂ ಅದರಲ್ಲಿದೆ. ಎಲುಬು ಜಾಗದಲ್ಲಿ ನಿಲ್ಲಬೇಕು, ರೋಗಿ ಉಸಿರೂ ಆಡಬೇಕು ಎಂಬುದು ಅದರ ಉದ್ದೇಶ. ಮೂಗಿರುವುದು ಮೊದಲು ಉಸಿರಾಟಕ್ಕೆ, ಆಮೇಲೆ ಚಂದಕ್ಕೆ ಎಂಬುದನ್ನು ಆ ವೈದ್ಯ ಮರೆತಿರಲಿಲ್ಲ.

ಲೋಹದ ಮೂಗಿನ ಕಥೆ ಅರಬರಲ್ಲಿಗೇ ಮುಗಿಯಲಿಲ್ಲ. ಡೆನ್ಮಾರ್ಕಿನ ಖಗೋಳ ವಿಜ್ಞಾನಿ ಟೈಕೊ ಬ್ರಾಹೆ 1566ರಲ್ಲಿ ಕತ್ತಿಯ ದ್ವಂದ್ವಯುದ್ಧದಲ್ಲಿ ಮೂಗಿನ ಭಾಗವನ್ನು ಕಳೆದುಕೊಂಡ. ಅವನದು ಬೆಳ್ಳಿ ಬಂಗಾರದ ಮೂಗೆಂದು ಜನ ಶತಮಾನಗಳ ಕಾಲ ಹೇಳುತ್ತಾ ಬಂದರು. 2010ರಲ್ಲಿ ಅವನ ಸಮಾಧಿಯನ್ನು ತೆರೆದು ಎಲುಬನ್ನು ಪರೀಕ್ಷಿಸಿದಾಗ ಸಿಕ್ಕಿದ್ದು ತಾಮ್ರ ಮತ್ತು ಸತುವಿನ ಗುರುತು. ಅಂದರೆ ಅವನು ತೊಡುತ್ತಿದ್ದುದು ಹಿತ್ತಾಳೆಯ ಮೂಗು.

ಆದರೆ ಹಿತ್ತಾಳೆಯಾಗಲಿ ಬಂಗಾರವಾಗಲಿ, ಅದು ತೊಡುವ ಮೂಗು. ರಾತ್ರಿ ತೆಗೆದಿಟ್ಟು ಬೆಳಿಗ್ಗೆ ಹಾಕಿಕೊಳ್ಳಬೇಕಾದದ್ದು. ರಕ್ತ ಹರಿಯುವ, ಚಳಿಗೆ ತಣ್ಣಗಾಗುವ ಮೂಗನ್ನು ಮಾಡುವ ವಿದ್ಯೆ ಬೆಳೆದದ್ದು ಭಾರತದಲ್ಲಿ.

ತನ್ನದೇ ಚರ್ಮದ ಮೂಗು

ಸುಶ್ರುತ ಸಂಹಿತೆಯಲ್ಲಿ ಇದರ ವಿವರವಿದೆ. ಹೋದ ಮೂಗಿನ ಅಳತೆಗೆ ಒಂದು ಎಲೆಯನ್ನು ಕತ್ತರಿಸಿಕೊಂಡು, ಅದೇ ಅಳತೆಯಲ್ಲಿ ಕೆನ್ನೆಯ ಚರ್ಮವನ್ನು ಒಂದು ಬದಿ ಅಂಟಿಕೊಂಡಿರುವಂತೆ ಎತ್ತಿ ಮೂಗಿನ ಜಾಗಕ್ಕೆ ಕೂಡಿಸಬೇಕು. ಉಸಿರಿಗಾಗಿ ಎರಡು ಕೊಳವೆಗಳನ್ನು ಇಡಬೇಕು. ಮೇಲೆ ಹತ್ತಿ ಮುಚ್ಚಿ ಎಳ್ಳೆಣ್ಣೆ ಹಾಕುತ್ತಿರಬೇಕು. ಬಾಗ್ದಾದಿನಲ್ಲಿ ಅಬ್ಬಾಸಿಯರ ಮಂತ್ರಿ ಯಹ್ಯಾ ಬಿನ್ ಖಾಲಿದ್ ಬರ್ಮಕಿ ಈ ಗ್ರಂಥವನ್ನು ಮನ್ಕಾ ಎಂಬ ಭಾರತೀಯ ವೈದ್ಯನಿಂದ ಅರಬಿಗೆ ಅನುವಾದ ಮಾಡಿಸಿದ. ಹತ್ತನೆಯ ಶತಮಾನದ ಇಬ್ನುನ್ನದೀಮ್ ತನ್ನ ಗ್ರಂಥಸೂಚಿಯಲ್ಲಿ ಇದನ್ನು ದಾಖಲಿಸಿದ್ದಾನೆ. ಜ್ಞಾನಕ್ಕೆ ಗಡಿಗಳಿರಲಿಲ್ಲ.

ಗ್ರಂಥದಲ್ಲಿದ್ದ ವಿದ್ಯೆ ಮುಂದೆ ಗ್ರಂಥ ಓದದವರ ಕೈಯಲ್ಲೂ ಉಳಿಯಿತು. ಅದಕ್ಕೆ ಕಾರಣ ಬೇಸರದ್ದು. ಮೂಗು ಕೊಯ್ಯುವ ಶಿಕ್ಷೆಯೂ ನಮ್ಮಲ್ಲಿ ಅಷ್ಟೇ ಕಾಲ ಉಳಿದಿತ್ತು. 1650ರ ದಶಕದಲ್ಲಿ ಮೈಸೂರಿನ ಕಂಠೀರವ ನರಸರಾಜ ಒಡೆಯರ ಸೇನೆ ಮತ್ತು ಮಧುರೆಯ ತಿರುಮಲ ನಾಯಕನ ನಡುವೆ ನಡೆದ ಯುದ್ಧಕ್ಕೆ 'ಮೂಗು ಕೊಯ್ಯುವ ಯುದ್ಧ' ಎಂದೇ ಹೆಸರು. ಮೊದಲು ಮೈಸೂರಿನವರು ಕೊಯ್ದರು, ಬಳಿಕ ಮಧುರೆಯವರು ಸೇಡು ತೀರಿಸಿಕೊಂಡರು. ಜೆಸುಯಿಟ್ ಪಾದ್ರಿಗಳ ಪತ್ರಗಳಲ್ಲಿ ಈ ಕ್ರೌರ್ಯದ ವರ್ಣನೆಯಿದೆ. ಔರಂಗಜೇಬನ ಸೇನೆ ಬಿಜಾಪುರಕ್ಕೆ ಮುತ್ತಿಗೆ ಹಾಕಿದ್ದ 1686ರ ಹೊತ್ತಿನ ಸಂಗತಿಯನ್ನು ವೆನಿಸ್‌ನ ನಿಕೊಲಾವೊ ಮನೂಚಿ ಬರೆದಿಟ್ಟಿದ್ದಾನೆ. ಸೇನೆಯ ಬಿಡಾರದಿಂದ ಹೊರಗೆ ಹೋದವರನ್ನು ಬಿಜಾಪುರದವರು ಹಿಡಿದು ಮೂಗು ಕೊಯ್ದು ಕಳುಹಿಸುತ್ತಿದ್ದರು. ಈ ನಾಡಿನ ಶಸ್ತ್ರವೈದ್ಯರು ಹುಬ್ಬಿನ ಮೇಲಿನ ಹಣೆಯ ಚರ್ಮವನ್ನು ಬಿಡಿಸಿ, ಕೆಳಗೆ ತಿರುಚಿ, ಗಾಯದ ಮೇಲೆ ಕೂಡಿಸಿ ಹೊಸ ಮೂಗು ಮಾಡುತ್ತಿದ್ದರು. ಆ ಮೂಗುಗಳು ಪೂರ್ತಿ ಸರಿಯಾಗಿರಲಿಲ್ಲ ಎಂದೂ ಅವನು ಹೇಳುತ್ತಾನೆ. ನಮ್ಮ ಕನ್ನಡ ನೆಲದ ವೈದ್ಯಕೀಯ ಇತಿಹಾಸದಲ್ಲಿ ಇದೊಂದು ಮುಖ್ಯ ದಾಖಲೆ. ಆದರೂ ಬಿಜಾಪುರವೆಂದರೆ ಗೋಳಗುಮ್ಮಟವನ್ನು ಮಾತ್ರ ನೆನೆಯುವ ನಮಗೆ ಇದು ತಿಳಿದೇ ಇಲ್ಲ.

ಜಗತ್ತಿಗೆ ಈ ವಿದ್ಯೆಯನ್ನು ಪರಿಚಯಿಸಿದ ಘಟನೆಗೂ ಮೈಸೂರಿನ ನಂಟಿದೆ. ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಸೇನೆಗೆ ಎತ್ತಿನ ಗಾಡಿ ಹೊಡೆಯುತ್ತಿದ್ದ ಕವಾಸ್‌ಜಿ ಎಂಬಾತ 1792ರಲ್ಲಿ ಟಿಪ್ಪು ಸುಲ್ತಾನನ ಸೇನೆಗೆ ಸೆರೆಸಿಕ್ಕಿದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಸುಮಾರು ಒಂದು ವರ್ಷ ಮೂಗಿಲ್ಲದೆ ಬದುಕಿದ ಅವನಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಜಾತಿಯ ಒಬ್ಬ ಮನುಷ್ಯ ಹೊಸ ಮೂಗು ಕೂಡಿಸಿದ. ಮುಂಬೈಯ ಇಬ್ಬರು ಇಂಗ್ಲಿಷ್ ವೈದ್ಯರು ಅದನ್ನು ಕಣ್ಣಾರೆ ಕಂಡರು. 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ಪತ್ರಿಕೆ ಕವಾಸ್‌ಜಿಯ ಚಿತ್ರದೊಂದಿಗೆ ಇದನ್ನು ಪ್ರಕಟಿಸಿತು.

ಈ ವರದಿ ಟಿಪ್ಪುವಿನ ಕ್ರೌರ್ಯಕ್ಕೆ ಸಾಕ್ಷಿಯಾಗಿಯೂ ಇಂಗ್ಲೆಂಡಿನಲ್ಲಿ ಓದಲ್ಪಟ್ಟಿತು. ನಾವು ಇದನ್ನು ಮುಚ್ಚಿಡಬೇಕಾಗಿಲ್ಲ. ಮೂಗು ಕೊಯ್ಯುವುದು ಯಾರು ಮಾಡಿದರೂ ಕ್ರೌರ್ಯವೇ. ಅದು ಒಬ್ಬ ಅರಸನದೋ ಒಂದು ಧರ್ಮದವರದೋ ಸೊತ್ತಾಗಿರಲಿಲ್ಲ ಎಂಬುದನ್ನು ಮಧುರೆ, ಬಿಜಾಪುರಗಳ ದಾಖಲೆಗಳು ಹೇಳುತ್ತವೆ. ಕೊಯ್ದವರ ಹೆಸರಿಗಾಗಿ ಜಗಳವಾಡುತ್ತಾ ನಾವು ಕೂಡಿಸಿದವನನ್ನು ಮರೆತೆವು. ಪತ್ರಿಕೆಯಲ್ಲಿ ಗಾಡಿಯವನ ಹೆಸರಿದೆ, ಸುಲ್ತಾನನ ಹೆಸರಿದೆ, ನೋಡುತ್ತಾ ನಿಂತ ವೈದ್ಯರ ಹೆಸರಿದೆ. ಕತ್ತಿ ಹಿಡಿದವನಿಗೆ ಮಾತ್ರ ಹೆಸರಿಲ್ಲ, ಜಾತಿ ಮಾತ್ರ ಇದೆ.

ಅವನು ಮಾಡಿದ್ದೇನು? ಮೇಣದ ತೆಳು ಹಾಳೆಯೊಂದನ್ನು ಮೂಗಿನ ಆಕಾರಕ್ಕೆ ಕೂರಿಸಿ ನೋಡಿದ. ಅದನ್ನು ಚಪ್ಪಟೆ ಮಾಡಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಅಷ್ಟು ಚರ್ಮವನ್ನು ಬಿಡಿಸಿದ, ಆದರೆ ಎರಡು ಕಣ್ಣುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಹಾಗೆಯೇ ಬಿಟ್ಟ. ಹೊಸ ಮೂಗಿಗೆ ರಕ್ತ ಬರುವ ದಾರಿ ಅದೇ. ಹಳೆಯ ಗಾಯದ ಅಂಚನ್ನು ಕೆರೆದು ಹಸಿ ಮಾಡಿ, ಹಣೆಯ ಚರ್ಮವನ್ನು ತಿರುಚಿ ಅಲ್ಲಿ ಕೂರಿಸಿದ. ಹೊಲಿಗೆಯ ಬದಲು, ನೀರಿನಲ್ಲಿ ಮೆದುಮಾಡಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಬಳಿದು ಒಂದರ ಮೇಲೊಂದು ಅಂಟಿಸಿದ. ನಾಲ್ಕು ದಿನಗಳ ಬಳಿಕ ಅದನ್ನು ತೆಗೆದು ತುಪ್ಪದಲ್ಲಿ ಅದ್ದಿದ ಬಟ್ಟೆ ಇಟ್ಟ. ಹತ್ತನೆಯ ದಿನ ಹೊಳ್ಳೆಗಳು ಮುಚ್ಚದಂತೆ ಮೆತ್ತನೆಯ ಬಟ್ಟೆ ಸೇರಿಸಿದ. ಸುಮಾರು 25ನೆಯ ದಿನ ಕಣ್ಣುಗಳ ನಡುವಿನ ಪಟ್ಟಿಯನ್ನು ಕತ್ತರಿಸಿದ. ಎಲೆ ಅಡಿಕೆಗೆ ಹಾಕುವ ಕಾಚು, ಅಡುಗೆ ಮನೆಯ ತುಪ್ಪ, ಮೇಣ ಮತ್ತು ಬಟ್ಟೆ. ಇಷ್ಟೇ ಅವನ ಸಾಮಗ್ರಿ. ಮೂಗಾಗಿ ಉಳಿದದ್ದು ಮಾತ್ರ ಕವಾಸ್‌ಜಿಯ ಸ್ವಂತ ಚರ್ಮ.

ಇಂಗ್ಲೆಂಡಿನ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ ಈ ವಿಧಾನವನ್ನು ಶವಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ಒಬ್ಬ ಸೇನಾಧಿಕಾರಿಗೆ ಹಣೆಯ ಚರ್ಮದಿಂದ ಮೂಗು ಕೂಡಿಸಿದ. 1816ರಲ್ಲಿ ಅದರ ಬಗ್ಗೆ ಪುಸ್ತಕವನ್ನೂ ಬರೆದ. ಅಲ್ಲಿಂದ ಅದು ಯೂರೋಪಿನಾದ್ಯಂತ 'ಭಾರತೀಯ ವಿಧಾನ' ಎಂದೇ ಹೆಸರಾಯಿತು.

ಒಳಗಿನ ಆಧಾರದ ಹುಡುಕಾಟ

ಈ ವಿಧಾನಕ್ಕೂ ಒಂದು ಮಿತಿ ಇತ್ತು. ಚರ್ಮ ಮೂಗಿನ ಹೊದಿಕೆ ಮಾತ್ರ. ಒಳಗೆ ಮಾಡಿನ ಪಕಾಸಿನಂತೆ ಎಲುಬು ಮತ್ತು ಮೃದ್ವಸ್ಥಿ ಇಲ್ಲದಿದ್ದರೆ, ಒಳಪದರವೂ ಇಲ್ಲದಿದ್ದರೆ, ಹೊಸ ಮೂಗು ಕಾಲಕ್ರಮೇಣ ಮುದುಡಿ ಕುಗ್ಗುತ್ತದೆ. ಮನೂಚಿ ಕಂಡ ಕೊರತೆಗೆ ಇದೂ ಕಾರಣವಿರಬಹುದು. ಯೂರೋಪಿನಲ್ಲಿ ಸಿಫಿಲಿಸ್ ರೋಗದಿಂದ ಒಳಗಿನ ಆಧಾರವೇ ಕರಗಿ ಮೂಗು ತಡಿಯಂತೆ ತಗ್ಗಾದವರು ಅನೇಕರಿದ್ದರು. ಅವರಿಗೆ ಬೇಕಾದದ್ದು ಚರ್ಮವಲ್ಲ, ಕಂಬ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ವೈದ್ಯರು ಅದನ್ನು ಹುಡುಕತೊಡಗಿದರು.

ಆ ಹುಡುಕಾಟ ಈಗ ಓದುವವರಿಗೆ ಮೂಗಿನ ಮೇಲೆ ಬೆರಳಿಡುವಂತೆ ಮಾಡುತ್ತದೆ. ನ್ಯೂಯಾರ್ಕಿನ ರಾಬರ್ಟ್ ವಿಯರ್ ತಗ್ಗಾದ ಮೂಗಿನೊಳಗೆ ಬಾತುಕೋಳಿಯ ಎದೆಯ ಎಲುಬನ್ನು ಇಟ್ಟು ನೋಡಿದ, 1892ರಲ್ಲಿ ಅದನ್ನು ವರದಿ ಮಾಡಿದ. ಬೇರೆಯವರು ಬಂಗಾರ, ಬೆಳ್ಳಿಯ ತಗಡುಗಳನ್ನು ಇಟ್ಟರು. ಬರ್ಲಿನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಜಾಕ್ ಜೋಸೆಫ್ ಆನೆಯ ದಂತವನ್ನು ಕೆತ್ತಿ ಇಟ್ಟ. ವಿಯೆನ್ನಾದ ರಾಬರ್ಟ್ ಗೆರ್ಸುನಿ ಸೂಜಿಯ ಮೂಲಕ ಪ್ಯಾರಾಫಿನ್ ಮೇಣ ಚುಚ್ಚುವ ಸುಲಭದ ದಾರಿ ತೋರಿಸಿದ. ಕತ್ತಿ ಬೇಡ, ಗಾಯವಿಲ್ಲ, ಕ್ಷಣದಲ್ಲಿ ಚಂದ. ಜನ ಮುಗಿಬಿದ್ದರು. ಆದರೆ ಮೇಣ ಇಟ್ಟಲ್ಲಿ ನಿಲ್ಲಲಿಲ್ಲ. ಚರ್ಮದಡಿಯಲ್ಲಿ ಜಾರಿತು, ಸುತ್ತಲೂ ಗಂಟು ಕಟ್ಟಿತು, ಹುಣ್ಣಾಯಿತು. ಮುಂದೆ ಮಾರ್ಲ್‌ಬರೋ ಡಚೆಸ್ ಆದ ಗ್ಲಾಡಿಸ್ ಡೀಕನ್ ಎಂಬ ಸುಂದರಿ ಯೌವನದಲ್ಲಿ ಮೂಗಿನ ಗೆರೆ ನೇರ ಮಾಡಿಸಲು ಮೇಣ ಚುಚ್ಚಿಸಿಕೊಂಡು ಮುಖವನ್ನೇ ಕೆಡಿಸಿಕೊಂಡಳು. ಇದ್ದ ಮೂಗು ಚೆನ್ನಾಗಿಯೇ ಇತ್ತು.

ಅದೇ ವರ್ಷಗಳಲ್ಲಿ ಇನ್ನೊಂದು ದಾರಿಯೂ ತೆರೆಯುತ್ತಿತ್ತು. 1896ರಲ್ಲಿ ಜರ್ಮನಿಯ ಜೇಮ್ಸ್ ಇಸ್ರೇಲ್ ರೋಗಿಯ ಮೊಣಕಾಲಿನ ಕೆಳಗಿನ ಎಲುಬಿನ ಚೂರನ್ನು ಮೂಗಿಗೆ ಇಟ್ಟ. 1900ರಲ್ಲಿ ಫಾನ್ ಮಾಂಗೋಲ್ಟ್ ಪಕ್ಕೆಲುಬಿನ ತುದಿಯ ಮೃದ್ವಸ್ಥಿಯಿಂದ ಮೂಗು ಎತ್ತಿದ್ದನ್ನು ಪ್ರಕಟಿಸಿದ. ಮೊದಲ ಮಹಾಯುದ್ಧದಲ್ಲಿ ಮುಖ ಛಿದ್ರವಾದ ಸೈನಿಕರು ಇಂಗ್ಲೆಂಡಿನ ಸಿಡ್‌ಕಪ್ ಆಸ್ಪತ್ರೆಗೆ ಬಂದಾಗ ಹೆರಾಲ್ಡ್ ಗಿಲಿಸ್ ಹಣೆಯ ಚರ್ಮವನ್ನೂ ಪಕ್ಕೆಲುಬಿನ ಮೃದ್ವಸ್ಥಿಯನ್ನೂ ಕೂಡಿಸಿ ಮೂಗು ಕಟ್ಟಿದ. ಇಟ್ಟಿಗೆಯವನ ಹೊದಿಕೆಗೆ ಕೊನೆಗೂ ಕಂಬ ಸಿಕ್ಕಿತು. ಅದೂ ರೋಗಿಯ ದೇಹದಿಂದಲೇ.

ಇಂದಿನ ಆಯ್ಕೆ

ಎರಡನೆಯ ಮಹಾಯುದ್ಧದ ಬಳಿಕ ಸಿಲಿಕೋನ್ ಬಂತು. ಅದು ದೇಹದಲ್ಲಿ ಕರಗುವುದಿಲ್ಲ, ಬೇಕಾದ ಆಕಾರದಲ್ಲಿ ಸಿಗುತ್ತದೆ, ಬೇಡವಾದರೆ ತೆಗೆಯಲೂ ಸುಲಭ. ಕೊರಿಯ, ಚೀನಾ ಮುಂತಾದ ಪೂರ್ವ ಏಷ್ಯದ ದೇಶಗಳಲ್ಲಿ ಮೂಗಿನ ದಿಂಡು ಎತ್ತರಿಸಲು ಅದು ಬಹಳ ಬಳಕೆಯಾಯಿತು. ಆದರೆ ದೇಹ ಸಿಲಿಕೋನನ್ನು ತನ್ನದಾಗಿಸಿಕೊಳ್ಳುವುದಿಲ್ಲ. ಅದರ ಸುತ್ತ ತೆಳುವಾದ ಒಂದು ಚೀಲ ಕಟ್ಟಿ ದೂರವೇ ಇಡುತ್ತದೆ. ಹೀಗಾಗಿ ಅದು ಜರುಗಬಹುದು, ಸೋಂಕು ತಗಲಬಹುದು. ಚರ್ಮ ತೆಳುವಾಗಿದ್ದರೆ ವರ್ಷಗಳ ಬಳಿಕವೂ ಮೂಗಿನ ತುದಿ ಕೆಂಪಾಗಿ, ಚರ್ಮವನ್ನು ಸೀಳಿ ಹೊರಬರಬಹುದು. ಸಣ್ಣ ರಂಧ್ರಗಳಿರುವ ಗೋರ್‌ಟೆಕ್ಸ್, ಮೆಡ್‌ಪೋರ್ ಎಂಬ ವಸ್ತುಗಳೊಳಗೆ ದೇಹದ ಅಂಗಾಂಶ ಬೆಳೆದು ಅವು ಜಾಗದಲ್ಲಿ ನಿಲ್ಲುತ್ತವೆ. ಆದರೆ ಅದೇ ಕಾರಣಕ್ಕೆ ಸೋಂಕಾದಾಗ ತೆಗೆಯುವುದು ಕಷ್ಟ, ಮೆಡ್‌ಪೋರ್ ಅಂತೂ ಇನ್ನೂ ಕಷ್ಟ.

ದೇಹದೊಳಗಿನ ಕಸಿಯಲ್ಲಿ ವೈದ್ಯರು ಸಾಮಾನ್ಯವಾಗಿ ಮೊದಲು ನೋಡುವುದು ಮೂಗಿನ ನಡುಗೋಡೆಯ ಮೃದ್ವಸ್ಥಿಯನ್ನು. ಅದು ನೇರ, ಗಟ್ಟಿ, ಬೇರೆ ಕಡೆ ಕತ್ತರಿಸಬೇಕಾಗಿಲ್ಲ. ಆದರೆ ಮೇಲೂ ಮುಂದೂ ಕನಿಷ್ಠ ಒಂದು ಸೆಂಟಿಮೀಟರ್ ಅಗಲದ ಭಾಗವನ್ನು ಬಿಟ್ಟೇ ತೆಗೆಯಬೇಕು, ಇಲ್ಲವಾದರೆ ಮೂಗೇ ಕುಸಿಯುತ್ತದೆ. ಅದು ಸಾಲದಾದರೆ ಕಿವಿಯ ಬಟ್ಟಲಿನಿಂದ ತೆಗೆಯುತ್ತಾರೆ. ಅದು ಮೆದು, ಬಾಗಿದ್ದು. ಹೊಳ್ಳೆಗೂ ತುದಿಗೂ ಒಪ್ಪುತ್ತದೆ, ಭಾರ ಹೊರಲು ಸಾಲದು. ತುಂಬ ಬೇಕಾದಾಗ ಪಕ್ಕೆಲುಬು. ಎದೆಯ ಮೇಲೆ ಗಾಯದ ಗುರುತು, ಕೆಲವು ದಿನಗಳ ನೋವು, ಅಪರೂಪಕ್ಕೆ ಶ್ವಾಸಕೋಶದ ಹೊದಿಕೆಗೆ ಪೆಟ್ಟು ಇದಕ್ಕೆ ಕೊಡಬೇಕಾದ ಬೆಲೆ. ಕೆತ್ತಿದ ಪಕ್ಕೆಲುಬು ಹಸಿ ಮರದ ಹಲಗೆಯಂತೆ ಬಾಗುವುದೂ ಉಂಟು. ಎಲ್ಲ ಬದಿಯನ್ನೂ ಸಮವಾಗಿ ಕೆತ್ತಿ ನಡುಭಾಗವನ್ನು ಬಳಸಿದರೆ ಬಾಗುವುದು ಕಡಿಮೆ ಎಂದು 1958ರಲ್ಲಿ ಗಿಬ್ಸನ್ ಮತ್ತು ಡೇವಿಸ್ ತೋರಿಸಿಕೊಟ್ಟರು. ಮೃದ್ವಸ್ಥಿಯನ್ನು ಸಣ್ಣ ಚೂರು ಮಾಡಿ, ತೆಳುವಾದ ಹೊದಿಕೆಯಲ್ಲಿ ಸುತ್ತಿ, ಬೇಕಾದಂತೆ ಒತ್ತಿ ಕೂರಿಸುವ ವಿಧಾನವನ್ನು ತುರ್ಕಿಯ ಒನುರ್ ಎರೋಲ್ 2000ದಲ್ಲಿ ಪ್ರಕಟಿಸಿದರು. ತಮ್ಮ ನಾಡಿನ ಮಿಠಾಯಿಯ ನೆನಪಿನಲ್ಲಿ ಅದಕ್ಕೆ 'ಟರ್ಕಿಶ್ ಡಿಲೈಟ್' ಎಂದು ಹೆಸರಿಟ್ಟರು.

ಹಾಗೆಂದು ಒಂದೇ ಉತ್ತರ ಎಲ್ಲರಿಗೂ ಸಲ್ಲುವುದಿಲ್ಲ. ವಯಸ್ಸಾದವರಲ್ಲಿ ಪಕ್ಕೆಲುಬಿನ ಮೃದ್ವಸ್ಥಿಯೇ ಗಟ್ಟಿ ಎಲುಬಿನಂತಾಗಿರಬಹುದು. ಕೆಲವರು ಎದೆಯ ಮೇಲೆ ಇನ್ನೊಂದು ಗಾಯ ಬೇಡ ಎನ್ನಬಹುದು. ಆದರೆ ಸಿಲಿಕೋನ್ ಬೇಗ ಮುಗಿಯುತ್ತದೆ, ಪಕ್ಕೆಲುಬಿಗೆ ಸಮಯ ಬೇಕು ಎಂಬ ಒಂದೇ ಕಾರಣಕ್ಕೆ ಆಯ್ಕೆ ಆಗಬಾರದು. ಏನು ಇಡುತ್ತೀರಿ, ಹತ್ತು ವರ್ಷದ ಬಳಿಕ ಅದು ಏನಾಗುತ್ತದೆ, ಕೆಟ್ಟರೆ ತೆಗೆಯುವುದು ಹೇಗೆ, ಉಸಿರಾಟಕ್ಕೆ ಏನಾಗುತ್ತದೆ? ಈ ನಾಲ್ಕು ಪ್ರಶ್ನೆಗಳನ್ನು ಕೇಳುವ ಹಕ್ಕು ಪ್ರತಿಯೊಬ್ಬ ರೋಗಿಗೂ ಇದೆ.

ಐದನೆಯ ಪ್ರಶ್ನೆಯನ್ನು ನಮಗೆ ನಾವೇ ಕೇಳಿಕೊಳ್ಳಬೇಕು: ಇದು ಅಗತ್ಯವೇ, ಅಲಂಕಾರವೇ? 2007ರಲ್ಲಿ ಮಲೇಶ್ಯಾದ ಪುತ್ರಜಯದಲ್ಲಿ ಸೇರಿದ ಅಂತಾರಾಷ್ಟ್ರೀಯ ಇಸ್ಲಾಮಿಕ್ ಫಿಕ್ಹ್ ಅಕಾಡೆಮಿ ಈ ಬಗ್ಗೆ ಚರ್ಚಿಸಿತು. ವಿಕಾರವನ್ನು ಸರಿಪಡಿಸಲು, ಅಂಗದ ಕೆಲಸವನ್ನು ಮರಳಿ ತರಲು ಶಸ್ತ್ರಚಿಕಿತ್ಸೆ ಸಮ್ಮತ, ಸರಿಯಾಗಿರುವುದನ್ನು ಬರಿ ಚಂದಕ್ಕಾಗಿ ಬದಲಿಸುವುದು ಸಮ್ಮತವಲ್ಲ ಎಂದಿತು. ಅರ್‌ಫಜಾರ ಬಂಗಾರದ ಮೂಗಿನ ಹಿಂದಿನ ವಿವೇಕವೇ ಇದು. ಧರ್ಮದ ಮಾತನ್ನು ಬದಿಗಿಟ್ಟು ನೋಡುವವರಿಗೂ ಗ್ಲಾಡಿಸ್ ಡೀಕನ್‌ಳ ಕಥೆ ಅದನ್ನೇ ಹೇಳುತ್ತದೆ.

ಮೂಗು ಕೊಯ್ಯುವುದು ಹಳೆಯ ಕಾಲದ ಮಾತು ಎಂದು ನಾವು ನೆಮ್ಮದಿಯಿಂದ ಇರುವಂತಿಲ್ಲ. 2010ರ ಆಗಸ್ಟಿನಲ್ಲಿ 'ಟೈಮ್' ಪತ್ರಿಕೆಯ ಮುಖಪುಟದಲ್ಲಿ ಅಫ್ಘಾನಿಸ್ತಾನದ ಆಯಿಷಾ ಎಂಬ ಯುವತಿಯ ಚಿತ್ರ ಬಂತು. ಗಂಡನ ಮನೆಯ ಹಿಂಸೆ ತಾಳದೆ ಓಡಿಹೋದಳೆಂದು ಅವಳ ಮೂಗು, ಕಿವಿಗಳನ್ನು ಕೊಯ್ಯಲಾಗಿತ್ತು. ಅಮೆರಿಕದ ಸೇನಾ ಆಸ್ಪತ್ರೆಯೊಂದರಲ್ಲಿ ಹಲವು ಹಂತಗಳಲ್ಲಿ ಅವಳಿಗೆ ಮೂಗು ಕಟ್ಟಿದರು. ಹಣೆಯ ಚರ್ಮದಡಿ ಸಿಲಿಕೋನ್ ಚೀಲವನ್ನಿಟ್ಟು, ನಿಧಾನವಾಗಿ ದ್ರವ ತುಂಬಿ ಚರ್ಮ ಹಿಗ್ಗಿಸಿದರು. ಒಳಪದರಕ್ಕೆ ಮುಂಗೈಯ ಅಂಗಾಂಶ, ಆಧಾರಕ್ಕೆ ಪಕ್ಕೆಲುಬಿನ ಮೃದ್ವಸ್ಥಿ. ಅತ್ಯಾಧುನಿಕ ಆಸ್ಪತ್ರೆಯೂ ಕೊನೆಗೆ ಹಣೆಯ ಚರ್ಮಕ್ಕೇ ಮರಳಿತು. ಅಲ್ಲಿ ಸಿಲಿಕೋನ್ ಸಹಾಯಕ್ಕೆ ಬಂತು, ಮೂಗಾಗಿ ಉಳಿಯಲಿಲ್ಲ. ಪುಣೆಯಲ್ಲಿ ಮೇಣದ ಹಾಳೆ ಮಾಡಿದ ಕೆಲಸವೂ ಹೀಗೆಯೇ ಇತ್ತು.

'ಮೂಗಿಗಿಂತ ಮೂಗುತಿ ಭಾರ' ಆಗಬಾರದು ಎಂಬುದು ನಮ್ಮ ಇನ್ನೊಂದು ಗಾದೆ. ಮೂಗು ಹೊರಲಾರದ್ದನ್ನು ಅದರ ಮೇಲೂ ಒಳಗೂ ಇಡಬಾರದೆಂದು ಬಾತುಕೋಳಿಯ ಎಲುಬು, ದಂತ, ಮೇಣಗಳ ಕಥೆ ಕಲಿಸುತ್ತದೆ. ಮುಂದೆ ಯಾರಾದರೂ ಕವಾಸ್‌ಜಿಯ ಕಥೆಯನ್ನು ತೆಗೆದು ಕೊಯ್ದವರ ಬಗ್ಗೆ ವಾದಕ್ಕೆ ನಿಂತರೆ, ಕೂಡಿಸಿದವನು ಯಾರು ಎಂದು ನಾವು ಕೇಳೋಣ. ಮಣ್ಣು ತುಳಿದು ಇಟ್ಟಿಗೆ ಮಾಡುತ್ತಿದ್ದವರ ಕುಲದ ಆ ಕೈಗಳಿಗೆ ಯಾರ ಮೂಗು, ಯಾವ ಪಕ್ಷ ಎಂಬುದು ಮುಖ್ಯವಾಗಿರಲಿಲ್ಲ. ಅವನು ಒಬ್ಬ ಗಾಡಿಯವನಿಗೆ ಅವನ ಮುಖವನ್ನು ಮರಳಿ ಕೊಟ್ಟ.